ದಪ್ಪ ಆಯಿಲ್

ಸದ್ದು ಕಿವಿಗೆ ಬೀಳುವ ಮೊದಲೇ ಅವನ ಮೊಣಕಾಲಿಗೆ ತಿಳಿಯಿತು. ಮುಂದಿನ ಸೀಟಿನಲ್ಲಿ, ಡ್ರೈವರಿನ ಪಕ್ಕದಲ್ಲಿ, ಕಾಲು ಚಾಚಲು ಜಾಗವಿಲ್ಲದೆ ಮಡಚಿಕೊಂಡು ಕೂತಿದ್ದ. ಮೊಣಕಾಲಿಗೆ ಒತ್ತಿಕೊಂಡಿದ್ದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮುಚ್ಚಳ ಸಣ್ಣಗೆ ನಡುಗಿತು, ನಿಂತಿತು, ಮತ್ತೆ ನಡುಗಿತು. ಸಿಗ್ನಲ್ ದಾಟಿ ಸಿಸ್ಟರ್ ಮೂರನೇ ಗೇರಿಗೆ ಹಾಕಿದಾಗ ಅದು ಸದ್ದಾಯಿತು. ಯಾರೋ ಮರ್ಯಾದಸ್ಥರು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಂತೆ, ಟಕ್, ಟಕ್, ಟಕ್. ಬಂತು ಅಂದುಕೊಂಡ. ಎರಡು ತಿಂಗಳು ಅಂದಿದ್ದ ಗ್ಯಾರೇಜಿನವನು, ಮೇಲೆ ಹತ್ತು ದಿನ ಪುಕ್ಕಟೆ ಸಿಕ್ಕಿತ್ತು. ಪಕ್ಕದಲ್ಲಿ ಸಿಸ್ಟರ್ ಕತ್ತು ಮುಂದೆ ಚಾಚಿ, ಎರಡು ಕೈಯಲ್ಲೂ ಸ್ಟೀರಿಂಗನ್ನು ಬಿಟ್ಟರೆ ಓಡಿಹೋಗುತ್ತದೆ ಎನ್ನುವ ಹಾಗೆ ಹಿಡಿದು, ತುಟಿ ಅಲ್ಲಾಡಿಸುತ್ತ ತನ್ನಷ್ಟಕ್ಕೆ ತಾನೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಲೈಸೆನ್ಸ್ ತೆಗೆದುಕೊಂಡವಳು. ಹಲ್ಲಿನ ಕ್ಲಿನಿಕ್ಕಿನಲ್ಲಿ ಹದಿನಾರು ವರ್ಷದಿಂದ ಡಾಕ್ಟರ ಕೈಗೆ ಇಕ್ಕಳ ಕೊಡುವವಳು. ಅವಳಿಗೊಂದು ಹೆಸರಿದೆ ಎಂಬುದು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಎಲ್ಲರಿಗೂ ನೆನಪಾಗುತ್ತಿತ್ತು. ಅದೇ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವ ಇವನನ್ನು ಎಲ್ಲರೂ ಹಲ್ಲು ಮೇಷ್ಟ್ರು ಎನ್ನುತ್ತಿದ್ದರು. ಉಳಿದವರು ತಮಾಷೆಗೆ, ಅವಳೊಬ್ಬಳು ಗೌರವಕ್ಕೆ.

"ಮೇಷ್ಟ್ರೇ, ಏನೋ ಟಕ್ ಟಕ್ ಅಂತಿದೆ ಅಲ್ವಾ?"

"ಎಲ್ಲಿ?"

"ಇಲ್ಲೇ ಮುಂದೆ. ನಿನ್ನೇನೂ ಒಂದ್ಸಲ ಅಂದಂಗಾಯ್ತು. ನನ್ನ ಭ್ರಮೆ ಅಂದ್ಕೊಂಡೆ."

ಅವನು ಮುಚ್ಚಳದ ಮೇಲೆ ಅಂಗೈಯಿಟ್ಟು ಒತ್ತಿದ. ಸದ್ದು ಅದರ ಪಾಡಿಗೆ ಬರುತ್ತಲೇ ಇತ್ತು. "ಸೀಟಿನ ಕೆಳಗೆ ನೀರಿನ ಬಾಟ್ಲಿ ಉರುಳ್ತಿರ್ಬೇಕು," ಎಂದ. ಹೇಳಿ ಮುಗಿಸುವುದರೊಳಗೆ ಬಗ್ಗಿ ಹುಡುಕಬೇಕಾಯಿತು, ಹೇಳಿದ ಮೇಲೆ ಹುಡುಕದಿದ್ದರೆ ಹೇಗೆ. ಹೊಟ್ಟೆ ಮಡಚಿ, ಕೆನ್ನೆಯನ್ನು ತನ್ನದೇ ಮೊಣಕಾಲಿಗೆ ಒತ್ತಿ, ಒಂಬತ್ತು ವರ್ಷ ತಾನೇ ಓಡಿಸಿದ ಕಾರಿನ ಮ್ಯಾಟಿನ ಧೂಳಿನಲ್ಲಿ ಇಲ್ಲದ ಬಾಟಲಿಗಾಗಿ ತಡಕಾಡಿದ. ಅಷ್ಟು ಕೆಳಗೆ ಸದ್ದು ಇನ್ನೂ ಸ್ಪಷ್ಟವಾಗಿತ್ತು.

ಮೊದಲ ಬಾರಿಗೆ ಅದನ್ನು ಕೇಳಿದಾಗ ಅವನೊಬ್ಬನೇ ಇದ್ದ. ಆಗ ಮಾಡಿದ ಮೊದಲ ಕೆಲಸವೆಂದರೆ ರೇಡಿಯೋದ ಶಬ್ದ ಏರಿಸಿದ್ದು. ಆರು ತಿಂಗಳು ಹಾಗೇ ನಡೆಯಿತು. ಸದ್ದು ಒಂದು ಮೆಟ್ಟಿಲು ಏರಿದರೆ ರೇಡಿಯೋ ಒಂದು ಮೆಟ್ಟಿಲು ಏರುತ್ತಿತ್ತು, ಕೊನೆಗೆ ಕಾರಿನೊಳಗೆ ಹೆಂಡತಿಯ ಜೊತೆ ಮಾತಾಡಬೇಕಾದರೆ ಕಿರುಚಬೇಕಾಯಿತು. ನಿಮಗೆ ಕಿವಿ ಹೋಯ್ತಾ ಅಂದಳು ಅವಳು. ಗ್ಯಾರೇಜಿನವನು ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ತನ್ನ ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಆಲಿಸಿದ್ದ. "ಬೇರಿಂಗ್ ಸವೆದಿದೆ ಸಾರ್. ಎಂಜಿನ್ ಕೆಳಗಿಳಿಸಿ ಬಿಚ್ಬೇಕು. ಇಲ್ಲಾಂದ್ರೆ ಒಂದಿನ ನಡುರಸ್ತೇಲಿ ಹೊಟ್ಟೆ ಹರ್ಕೊಳತ್ತೆ." ಆಮೇಲೆ ಇವನ ಮುಖ ನೋಡಿ ದನಿ ತಗ್ಗಿಸಿದ್ದ. "ಮಾರೋದಿದ್ರೆ ಹೇಳಿ, ದಪ್ಪ ಆಯಿಲ್ ಹಾಕ್ಕೊಡ್ತೀನಿ. ಎರಡು ತಿಂಗಳು ಮೌನವ್ರತ ಮಾಡತ್ತೆ. ಆಮೇಲೆ ತಗೊಂಡೋರ ಹಣೆಬರಹ." ಇಬ್ಬರೂ ನಕ್ಕಿದ್ದರು. ತಾನು ಅಷ್ಟು ಜೋರಾಗಿ ನಗಬೇಕಾಗಿರಲಿಲ್ಲ ಎಂದು ಈಗ ಅವನಿಗನ್ನಿಸಿತು. ದಪ್ಪ ಆಯಿಲ್ ಹಾಕಿಸಿದ್ದಕ್ಕಿಂತ ಆ ನಗುವಿನ ನೆನಪೇ ಹೆಚ್ಚು ನಾಚಿಕೆ ತರಿಸುತ್ತಿತ್ತು.

ಸಿಸ್ಟರಿಗೆ ಮಾರಬೇಕೆಂದು ಅವನೇನೂ ಹೊಂಚು ಹಾಕಿರಲಿಲ್ಲ. ಇದನ್ನು ಅವನು ತನಗೆ ತಾನೇ ದಿನಕ್ಕೆ ನಾಲ್ಕು ಬಾರಿ ಹೇಳಿಕೊಳ್ಳುತ್ತಿದ್ದ. ಯಾರೋ ಮುಖಪರಿಚಯವಿಲ್ಲದವನು ಬರಲಿ, ಟೈರಿಗೆ ಒದ್ದು ನೋಡಲಿ, ಚೌಕಾಸಿ ಮಾಡಲಿ, ಮೋಸ ಹೋಗಲಿ, ಅದು ಲೋಕರೂಢಿ. ಹೆಂಡತಿಯೂ ಅದನ್ನೇ ಹೇಳಿದ್ದಳು. "ಗೊತ್ತಿಲ್ದೋರಿಗೆ ಕೊಡಿ. ಗೊತ್ತಿರೋರಿಗೆ ಕೊಟ್ರೆ ದಿನಾ ಅವರ ಮುಖ ನೋಡ್ಬೇಕಾಗತ್ತೆ." ಅವಳ ಧರ್ಮಸೂಕ್ಷ್ಮ ಅಷ್ಟು. ಆದರೆ ಸಿಸ್ಟರ್ ತಾನಾಗಿ ಅವನ ಕೋಣೆಗೆ ಬಂದು, ಪ್ಲಾಸ್ಟರ್ ಪುಡಿ ಮೆತ್ತಿದ ಮೇಜಿನ ತುದಿಯನ್ನು ಹಿಡಿದು ನಿಂತು, "ನೀವು ಇಟ್ಕೊಂಡಿದ್ದ ಗಾಡಿ ಅಂದ್ರೆ ಕಣ್ಣು ಮುಚ್ಕೊಂಡು ತಗೋಬಹುದು ಮೇಷ್ಟ್ರೇ," ಎಂದಳು. ಆಗ ಅವನಿಗೆ ಸಿಟ್ಟು ಬಂತು. ಇದು ನಿಜ, ಕರುಣೆಯಲ್ಲ, ಹಿಂಜರಿಕೆಯಲ್ಲ, ಶುದ್ಧ ಸಿಟ್ಟು. ಕಣ್ಣು ಮುಚ್ಚಿಕೋ ಎಂದು ಇವಳಿಗೆ ಹೇಳಿದವರು ಯಾರು? ದೇವರು ಕಣ್ಣು ಕೊಟ್ಟಿರುವುದು ಯಾತಕ್ಕೆ? ಒಬ್ಬ ಮೆಕ್ಯಾನಿಕ್ಕನ್ನು ಕರೆತಂದು ತೋರಿಸಬಾರದೆ, ಅಣ್ಣನನ್ನು ಕೇಳಬಾರದೆ? ನಂಬಿಕೆಯನ್ನು ಹೀಗೆ ತಂದು ಇನ್ನೊಬ್ಬರ ಮೇಜಿನ ಮೇಲೆ ಸುರಿದು ಹೋಗುವುದೂ ಒಂದು ಬಗೆಯ ಬಲಾತ್ಕಾರವೇ. ಬೇಡ ಸಿಸ್ಟರ್ ಎನ್ನಲು ಮೂರು ಸೆಕೆಂಡು ಸಾಕಾಗಿತ್ತು. ಅವನು ಕೈಯ ಪುಡಿ ಒರೆಸಿಕೊಂಡು, ನೋಡೋಣ ಎಂದಿದ್ದ.

ಅಣ್ಣನನ್ನು ಅವಳು ಕೇಳುವಂತಿರಲಿಲ್ಲ. ಅಣ್ಣನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಕೋಣೆ ಅವಳದು. ಇಸ್ತ್ರಿ ಮೇಜು ಮತ್ತು ಅತ್ತಿಗೆಯ ಹೊಲಿಗೆ ಮಷೀನಿನ ಜೊತೆಯಲ್ಲಿ ಅವಳ ಮಂಚ. ಕಾರು ತಗೊಳ್ತೀನಿ ಅಂದಾಗ ಅಣ್ಣ ಊಟದ ತಟ್ಟೆಯಿಂದ ತಲೆಯೆತ್ತದೆ, "ನಿನ್ ಕೈಗೆ ಸೈಕಲ್ ಕೊಟ್ರೂ ಗೋಡೆ ಹುಡುಕ್ಕೊಂಡು ಹೋಗ್ತೀಯ," ಎಂದನಂತೆ. ಅದನ್ನು ಅವಳೇ ನಗುತ್ತ ಹೇಳಿದ್ದಳು. ಊರಾಚೆಯ ಹೊಸ ಆಸ್ಪತ್ರೆಯಲ್ಲಿ ಒಂದು ಇಡೀ ವಾರ್ಡಿನ ಮೇಲ್ವಿಚಾರಣೆಯ ಕೆಲಸ ಅವಳಿಗೆ ಬಂದಿತ್ತು. ಬೆಳಿಗ್ಗೆ ಆರಕ್ಕೆ ಡ್ಯೂಟಿ, ಆ ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ. ಕಾರಿದ್ದರೆ ಆ ಕೆಲಸ, ಆ ಕೆಲಸವಿದ್ದರೆ ಮೆಟ್ಟಿಲ ಕೆಳಗಿನಿಂದ ಹೊರಗೆ ಒಂದು ಬಾಡಿಗೆ ಕೋಣೆ, ಅದಕ್ಕೆ ತನ್ನದೇ ಒಂದು ಬೀಗದ ಕೈ. ಬರ್ತೀನೋ ಇಲ್ವೋ ಅಂತ ಇವತ್ತು ಸಂಜೆಯೊಳಗೆ ಹೇಳಬೇಕಾಗಿತ್ತು.

ಇದೆಲ್ಲ ಅವನಿಗೆ ಗೊತ್ತಿದ್ದದ್ದು ದಿನಾ ಅವಳ ಪಕ್ಕದಲ್ಲಿ ಕೂತು ಬರುತ್ತಿದ್ದುದರಿಂದ. ದಾರಿ ಒಂದೇ ಅಲ್ವಾ, ನೀವು ಪಕ್ಕದಲ್ಲಿದ್ರೆ ನನಗೂ ಧೈರ್ಯ ಎಂದು ಅವಳು ಒತ್ತಾಯ ಮಾಡಿದ್ದಳು. ಒಲ್ಲೆ ಎನ್ನಲು ಕಾರಣ ಹುಡುಕಿದರೆ ನಿಜ ಹೊರಬೀಳಬಹುದು ಎಂಬ ಭಯಕ್ಕೆ ಅವನು ಒಪ್ಪಿಕೊಂಡಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮುಟ್ಟಿ ನೋಡಿಕೊಳ್ಳುವ ಹೆಗಲನ್ನೇ ತಂದು ಅವಳ ಪಕ್ಕದಲ್ಲಿ ಕೂರಿಸಿದಂತಾಯಿತು. ಎಂಜಿನ್ನು ಬಾಯಿ ಬಿಡದ ಹಾಗೆ ಓಡಿಸುವ ಕ್ರಮವೊಂದು ಅವನಿಗೆ ಗೊತ್ತಿತ್ತು, ಆರು ತಿಂಗಳ ಅನುಭವ. ಅದನ್ನೇ ಅವಳಿಗೆ ಕಲಿಸಿದ. "ಮೆಲ್ಲಗೆ ಸಿಸ್ಟರ್. ಕಾಲ ಕೆಳಗೆ ಮೊಟ್ಟೆ ಇದೆ ಅಂದ್ಕೊಳ್ಳಿ. ರೇಸ್ ಮಾಡ್ಲೇಬೇಡಿ. ಬೇಗ ಬೇಗ ಮೇಲಿನ ಗೇರಿಗೆ ಹೋಗ್ಬಿಡಿ, ಏರು ಬಂದ್ರೂ ಇಳಿಸ್ಬೇಡಿ. ಪೆಟ್ರೋಲೂ ಉಳಿಯತ್ತೆ." ಹಾಗೆ ಓಡಿಸಿದರೆ ಎಂಜಿನ್ನು ಉಸಿರು ಕಟ್ಟಿ ಇನ್ನಷ್ಟು ಬೇಗ ಸವೆಯುತ್ತದೆಂದು ಗ್ಯಾರೇಜಿನವನು ಹೇಳಿದ್ದೂ ಅವನಿಗೆ ನೆನಪಿತ್ತು. ಅವಳು ಮನೆಗೆ ಹೋಗಿ ಅದನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಅವಳು ಒಂದೊಂದೇ ಒಪ್ಪಿಸುವಾಗ ಅವನಿಗೆ ಸುಖವಾಗುತ್ತಿತ್ತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ಗಂಟೆ ಎಷ್ಟಾಯಿತು ಅಂತಲೂ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಒಬ್ಬಳು ಅವನ ಮಾತನ್ನು ಬರೆದಿಟ್ಟುಕೊಳ್ಳುತ್ತಿದ್ದಳು.

"ಬಾಟ್ಲಿ ಇಲ್ಲ," ಎಂದು ಅವನು ನೆಟ್ಟಗಾದ. ಮುಖಕ್ಕೆ ರಕ್ತ ನುಗ್ಗಿತ್ತು.

"ಸಂಜೆ ನೀವೇ ಒಂದ್ಸಲ ಸರಿಯಾಗಿ ಕೇಳಿ ಹೇಳ್ಬಿಡಿ ಮೇಷ್ಟ್ರೇ. ನೀವು ಏನಿಲ್ಲ ಅಂದ್ರೆ ಏನಿಲ್ಲ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಹೂಂ ಅಂದ್ಬಿಡ್ತೀನಿ."

ಕ್ಲಿನಿಕ್ಕಿನ ಕೋಣೆಯಲ್ಲಿ ಅವನಿಗೆ ಕೆಲಸ ಕೈಹತ್ತಲಿಲ್ಲ. ಮೇಣದ ಒಸಡಿನಲ್ಲಿ ಹಲ್ಲು ಕೂರಿಸುತ್ತಿದ್ದರೆ ಮುಂದಿನ ನಾಲ್ಕೂ ಒಂದೇ ಕಡೆಗೆ ವಾಲಿ ನಕ್ಕ ಹಾಗೆ ಕಾಣುತ್ತಿದ್ದವು. ಹನ್ನೊಂದಕ್ಕೆ ಒಬ್ಬ ಮುದುಕ ಬಂದ, ಹೋದ ತಿಂಗಳು ಸೆಟ್ಟು ಹಾಕಿಸಿಕೊಂಡವನು. ಮಾತಾಡಿದರೆ ಟಪ್ ಟಪ್ ಅನ್ನುತ್ತದೆ, ಮೊಮ್ಮಕ್ಕಳು ಅಣಕಿಸುತ್ತಾರೆ, ಮಾತೇ ಬಿಟ್ಟಿದ್ದೇನೆ ಎಂದ. ಎಲ್ಲಿ ಎತ್ತರವಾಗಿದೆಯೆಂದು ತಿಳಿಯಲು ಇವನು ನೀಲಿ ಕಾಗದ ಕಚ್ಚಿಸಿ ನೋಡಿದ. ಎಡಗಡೆಯ ದವಡೆ ಎತ್ತರವಾಗಿತ್ತು, ತನ್ನದೇ ತಪ್ಪು, ಕಣ್ಣಿಗೆ ಹೊಡೆಯುವಂತೆ ನೀಲಿ ಚುಕ್ಕೆ. ಡಾಕ್ಟರು ಬಂದು ಹಿಂದೆ ನಿಂತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಹೇಳಿಕೊಟ್ಟ ಪಾಠ ತಾನಾಗಿ ಅವನ ಬಾಯಿಂದ ಬಂತು. "ಸೆಟ್ಟಲ್ಲಿ ಏನೂ ತಪ್ಪಿಲ್ಲ ಯಜಮಾನ್ರೇ. ನಿಮ್ಮ ಬಾಯಿ ಇನ್ನೂ ಒಗ್ಗಿಲ್ಲ. ಸ್ವಲ್ಪ ಉಜ್ಜಿ ಕೊಡ್ತೀನಿ." ಮುದುಕ ಬಾಯಿ ಮುಚ್ಚಿಕೊಂಡು, ತನ್ನ ಬಾಯಿಯ ಪರವಾಗಿ ತಾನೇ ಕ್ಷಮೆ ಕೇಳುವವನಂತೆ ತಲೆಯಾಡಿಸಿದ. ಆಚೆ ಕೋಣೆಯಲ್ಲಿ ಬೇರೆ ಇಕ್ಕಳ ಕೊಟ್ಟಳೆಂದು ಡಾಕ್ಟರು ಸಿಸ್ಟರನ್ನು ರೋಗಿಯ ಎದುರೇ ಬೈದರು, ಹದಿನಾರು ವರ್ಷ ಆಯ್ತು ಇನ್ನೂ ಎಡ ಬಲ ಗೊತ್ತಾಗಲ್ವಲ್ರೀ ಎಂದು. ಅವಳು ಸಾರಿ ಸರ್ ಎಂದಳು. ದನಿಯಲ್ಲಿ ಇವತ್ತು ನೋವಿರಲಿಲ್ಲ. ಹೊರಡುವ ಗಾಡಿ ಹತ್ತಿ ಕೂತವರ ದನಿ ಅದು.

ಹೇಳಿಬಿಡಬೇಕು ಅಂದುಕೊಂಡ. ಮುದುಕನ ಸೆಟ್ಟನ್ನು ಉಜ್ಜುತ್ತ ಮಾತು ಕೂಡಿಸಿದ. ಸಿಸ್ಟರ್, ಆ ಗಾಡೀಲಿ ಒಂದು ಸಮಸ್ಯೆ ಇದೆ. ಇದೆ ಅಂದರೆ ಈಗ ಬಂದದ್ದೆಂಬ ಅರ್ಥ ಬರುತ್ತದೆ, ಹಾಗೇ ಇರಲಿ. ಸಿಸ್ಟರ್, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಇಷ್ಟು ಬೇಗ ಹೀಗಾಗತ್ತೆ ಅಂತ. ಆ ಗ್ಯಾರೇಜಿನವನು ನನಗೇ ಸರಿಯಾಗಿ ಹೇಳಲಿಲ್ಲ. ಒಂದೊಂದು ಬಾರಿ ಕೂಡಿಸಿದಾಗಲೂ ತಪ್ಪು ಅವನಿಂದ ಒಂದೊಂದು ಅಡಿ ದೂರ ಸರಿಯುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಒಂದು ವಾಕ್ಯ ಸಿಗಲೇ ಇಲ್ಲ. ದುಡ್ಡು ಹಿಂದಿರುಗಿಸಬೇಕಾದೀತೆಂಬ ಭಯವೂ ಅಷ್ಟಿರಲಿಲ್ಲ. ಅವಳು ಕೇಳುವವಳಲ್ಲ ಎಂದು ಗೊತ್ತಿತ್ತು. ಅವಳ ಮುಖ ಬದಲಾಗುವುದನ್ನು ಅವನು ನೋಡಲಾರ, ಅಷ್ಟೇ. ನಾಳೆಯಿಂದ ಅವಳೂ ಮೇಷ್ಟ್ರು ಎಂಬ ಮಾತನ್ನು ಉಳಿದವರ ಹಾಗೇ ಅನ್ನುತ್ತಾಳೆ. ಆದರೂ ಸಂಜೆ ಹೇಳುತ್ತೇನೆ ಎಂದು ನಿಶ್ಚಯ ಮಾಡಿದ. ನಿಶ್ಚಯ ಮಾಡಿದ ಕೂಡಲೇ ಹಸಿವಾಯಿತು, ಡಬ್ಬಿ ತೆಗೆದು ಚೆನ್ನಾಗಿ ಉಂಡ.

ಸಂಜೆ ಐದೂವರೆಗೆ ಹೊರಟರು. ಸದ್ದು ಈಗ ಯಾರ ಮರ್ಯಾದೆಯನ್ನೂ ಇಟ್ಟುಕೊಂಡಿರಲಿಲ್ಲ. ಪಕ್ಕದಲ್ಲಿ ನಿಂತ ಸ್ಕೂಟರಿನವನು ತಿರುಗಿ ನೋಡಿದ. ಸಿಸ್ಟರ್ ಹೆದರಿ ಇನ್ನಷ್ಟು ಮೆಲ್ಲಗೆ, ಇನ್ನಷ್ಟು ಬೇಗ ಮೇಲಿನ ಗೇರಿಗೆ, ಕಲಿಸಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದಳು. ಮೇಲ್ಸೇತುವೆ ಕಾಣಿಸಿತು. ಏರು ಶುರುವಾಗುವುದರೊಳಗೆ ಹೇಳಿದರೆ ಪಕ್ಕಕ್ಕೆ ನಿಲ್ಲಿಸಬಹುದು. ಅವನು ಅವಳ ಕಡೆ ತಿರುಗಿದ.

"ಸಿಸ್ಟರ್, ಈ ಗಾಡಿ…"

"ಒಂದ್ನಿಮಿಷ ಮೇಷ್ಟ್ರೇ, ಮಾತಾಡಿಸ್ಬೇಡಿ, ಏರು ಬಂತು."

ಸಣ್ಣ ಮಗುವಿನ ಬಾಯಿ ಮುಚ್ಚಿಸಿದ ಹಾಗೆ ಮುಚ್ಚಿಸಿದಳು. ಅವನಿಗೆ ಅವಮಾನವಾಯಿತು, ಅದರ ಬೆನ್ನಿಗೇ ಹಾಯೆನಿಸಿತು. ತಾನು ಹೇಳಲು ಹೊರಟಿದ್ದೆ, ಅವಳೇ ಬೇಡವೆಂದಳು. ಸರಿ ಹಾಗಾದರೆ. ಏರಿನ ನಡುಮಧ್ಯದಲ್ಲಿ, ನಾಲ್ಕನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಎಂಜಿನ್ನು ಒಂದು ಕ್ಷಣ ಪೂರ್ತಿ ಸುಮ್ಮನಾಯಿತು. ಆಮೇಲೆ ಕಬ್ಬಿಣದ ಪೆಟ್ಟಿಗೆಯೊಳಗೆ ಸುತ್ತಿಗೆ ಎಸೆದಂಥ ಸದ್ದು. ಕಾರು ಮುಗ್ಗರಿಸಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಹೊಗೆ, ಕೆಳಗಿನಿಂದ ಇಳಿಜಾರಿನಲ್ಲಿ ನಿಧಾನವಾಗಿ ಹರಿದುಹೋದ ಕಪ್ಪು ಎಣ್ಣೆ, ಹಿಂದೆ ನೂರಾರು ಹಾರನ್ನು. ಸಿಸ್ಟರ್ ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದೇ ಇದ್ದಳು. "ನಾನೇನ್ ಮಾಡ್ದೆ? ಮೇಷ್ಟ್ರೇ, ನಾನೇನ್ ಮಾಡ್ದೆ?" ಎಂದು ಎರಡು ಬಾರಿ ಕೇಳಿದಳು.

ಟ್ರಾಫಿಕ್ ಪೊಲೀಸಿನವನು ಏರು ಹತ್ತಿ ಬಂದಾಗ ಇಬ್ಬರೂ ಕೆಳಗಿಳಿದು ನಿಂತಿದ್ದರು. ಹತ್ತು ಜನ ಸೇರಿದ್ದರು. "ಯಾರ್ರೀ ಓಡಿಸ್ತಿದ್ದಿದ್ದು?" ಎಂದ ಪೊಲೀಸಿನವನು. ಮೇಷ್ಟ್ರ ಬಲಗೈ ತಾನಾಗಿ ಮೇಲೆದ್ದು ಅವಳ ಕಡೆಗೆ ಚಾಚಿತು. ಆ ಕೈ ತನ್ನದೆಂದು ಅವನಿಗೆ ಗೊತ್ತಾದದ್ದು ಅದು ಚಾಚಿದ ಮೇಲೆ. ಜನರಲ್ಲಿ ಯಾರೋ, ಹೆಂಗಸ್ರು ಅಂದ್ಮೇಲೆ ಕೇಳ್ಬೇಕಾ ಎಂದ, ಉಳಿದವರು ನಕ್ಕರು. ಗಾಡಿಯನ್ನು ಸೇತುವೆಯಿಂದ ಹಿಂದಕ್ಕಿಳಿಸಬೇಕಾಯಿತು. ನೀವು ಕೂತ್ಕೊಳ್ಳಿ ಸಾರ್, ಸ್ಟೀರಿಂಗ್ ಗೊತ್ತಿರೋರು ಬೇಕು ಎಂದ ಪೊಲೀಸಿನವನು. ಅವನು ಒಂಬತ್ತು ವರ್ಷದ ತನ್ನ ಸೀಟಿನಲ್ಲಿ ಕೂತ. ಅವಳು ಸೆರಗು ಸಿಕ್ಕಿಸಿಕೊಂಡು, ಎಣ್ಣೆಯಲ್ಲಿ ಚಪ್ಪಲಿ ಜಾರುತ್ತಿದ್ದರೂ, ಅಪರಿಚಿತ ಗಂಡಸರ ಜೊತೆ ನಿಂತು ಬಾನೆಟ್ಟಿಗೆ ಎರಡು ಕೈ ಕೊಟ್ಟು ನೂಕಿದಳು. ಗಾಜಿನ ಆಚೆ ಅವಳ ಮುಖ ಅವನಿಗೆ ಒಂದು ಗಜ ದೂರದಲ್ಲಿತ್ತು. ಅವನು ಹಿಂದೆ ನೋಡಬೇಕಾದ ನೆಪದಲ್ಲಿ ಕತ್ತು ತಿರುಗಿಸಿಕೊಂಡ.

ಗ್ಯಾರೇಜಿನವನು ಬಂದ. ಫೋನು ಮಾಡಿದ್ದು ಸಿಸ್ಟರ್. ಕಾರು ಮಾರುವಾಗ ಅವನ ನಂಬರನ್ನು ಇವನೇ ಕೊಟ್ಟಿದ್ದ, ಎಲ್ಲ ನೋಡಿಕೊಳ್ಳುತ್ತಾನೆ ಎಂದು. ಅವನು ಕುಕ್ಕರುಗಾಲಲ್ಲಿ ಕೂತು, ತೊಟ್ಟಿಕ್ಕುತ್ತಿದ್ದ ಎಣ್ಣೆಗೆ ಬೆರಳು ಹಚ್ಚಿ, ಹೆಬ್ಬೆರಳಲ್ಲಿ ತಿಕ್ಕಿ, ಎಷ್ಟು ದಪ್ಪವಿದೆಯೆಂದು ನೋಡಿ, ತಲೆಯೆತ್ತಿ ಇವನ ಕಡೆ ನೋಡಿದ. ಆ ನೋಟದಲ್ಲಿ ದೂರಿರಲಿಲ್ಲ, ಏನು ಹೇಳಲಿ ಸಾರ್ ಎಂಬ ಬರೀ ವ್ಯಾಪಾರದ ಪ್ರಶ್ನೆಯಿತ್ತು. ಇವನು ಎಲ್ಲಿಯೂ ನೋಡಲಿಲ್ಲ.

"ಮುಗೀತು ಮೇಡಂ. ಒಳಗೆ ರಾಡ್ ಮುರಿದು ಹೊಟ್ಟೆ ಸೀಳಿದೆ. ಗುಜರಿಗೆ ಅಷ್ಟೇ." ಕೈ ಒರೆಸಿಕೊಳ್ಳುತ್ತ ಕೇಳಿದ. "ಹೆಂಗೆ ಓಡಿಸ್ತಿದ್ರಿ?"

"ಮೆಲ್ಲಗೇ ಓಡಿಸ್ತಿದ್ದೆ. ರೇಸ್ ಮಾಡ್ತಾನೇ ಇರ್ಲಿಲ್ಲ. ಬೇಗ ಮೇಲಿನ ಗೇರಿಗೆ ಹೋಗ್ತಿದ್ದೆ. ಏರು ಬಂದ್ರೂ ಇಳಿಸ್ತಿರ್ಲಿಲ್ಲ."

"ಅಯ್ಯೋ ದೇವ್ರೇ. ಹಂಗೆ ಓಡಿಸಿದ್ರೆ ಎಂಜಿನ್ ಉಸಿರು ಕಟ್ಟಿ ಸಾಯತ್ತೆ ಮೇಡಂ. ಯಾರು ಹೇಳ್ಕೊಟ್ಟಿದ್ದು ನಿಮ್ಗೆ ಇದನ್ನ?"

ಅವಳು ಮೇಷ್ಟ್ರ ಕಡೆ ತಿರುಗಿದಳು. ಆರೋಪದಿಂದಲ್ಲ, ಪಾಠದ ನಡುವೆ ಅರ್ಥವಾಗದ ಮಾತು ಬಂದಾಗ ತಿರುಗುತ್ತಿದ್ದ ಹಾಗೇ ತಿರುಗಿದಳು. ಗ್ಯಾರೇಜಿನವನೂ ನೋಡುತ್ತಿದ್ದ. ಇನ್ನು ಹೇಳಬೇಕಾದದ್ದು ಒಂದೇ ಒಂದು ಶಬ್ದ. ನಾನು. ಅದೊಂದು ಹೊರಬಂದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಂಡು ಬರುತ್ತದೆ, ಬೇರಿಂಗು, ಎಣ್ಣೆ, ನಗು, ಎಲ್ಲ. ಅವಳ ಅಂಗೈಯೆಲ್ಲ ಬಾನೆಟ್ಟಿನ ಮಸಿಯಾಗಿತ್ತು, ಕೆನ್ನೆಗೂ ಸ್ವಲ್ಪ ಹತ್ತಿತ್ತು.

"ಮೆಲ್ಲಗೆ ಅಂತ ಹೇಳಿದ್ದೆ," ಎಂದ. "ಇಷ್ಟು ಮಟ್ಟಕ್ಕೆ ಅಂತ ಹೇಳಿರ್ಲಿಲ್ಲ."

ಅವಳ ಕಣ್ಣಲ್ಲಿ ಏನೋ ಒಂದು ಲೆಕ್ಕ ಹಿಂದಕ್ಕೂ ಮುಂದಕ್ಕೂ ಓಡಿದ್ದು ಅವನಿಗೆ ಕಂಡಿತು. ಪುಟ್ಟ ಪುಸ್ತಕ ಕೈಚೀಲದಲ್ಲೇ ಇತ್ತು, ಅವಳ ಕೈ ಅದರ ಜಿಪ್ಪಿನವರೆಗೂ ಹೋಗಿ ನಿಂತಿತು. ಆಮೇಲೆ ಅವಳು ಗ್ಯಾರೇಜಿನವನಿಗೆ ಹೇಳಿದಳು.

"ಇಲ್ಲ, ಮೇಷ್ಟ್ರು ಸರಿಯಾಗೇ ಹೇಳಿದ್ರು. ನನ್ನ ತಲೆಗೇ ಹೋಗ್ಲಿಲ್ಲ. ನಮ್ಮಣ್ಣ ಹೇಳೋದು ಸರೀನೇ."

ಗ್ಯಾರೇಜಿನವನು ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೋದ. ಹೋಗುವ ಮುಂಚೆ ಇವನ ಭುಜ ತಟ್ಟಿದ, ಒಂದೇ ಕಸುಬಿನವರು ತಟ್ಟುವ ಹಾಗೆ. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅಲ್ಲಿ ಅವಳು ಇವನಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದಳು. ಆಗಲ್ಲ ಸರ್, ಇಲ್ಲ ಸರ್, ಬರೋಕೆ ಅನುಕೂಲ ಇಲ್ಲ, ಬೇರೆಯವರಿಗೇ ಕೊಡಿ, ಥ್ಯಾಂಕ್ಸ್ ಸರ್. ಪೂರ್ತಿ ಒಂದು ನಿಮಿಷವೂ ಹಿಡಿಯಲಿಲ್ಲ. ವಾಪಸು ಬಂದು ಪಕ್ಕದಲ್ಲಿ ನಿಂತಳು. ಸೆರಗಿನಿಂದ ಅಂಗೈಯ ಮಸಿ ಒರೆಸಿಕೊಳ್ಳಲು ನೋಡಿದಳು, ಮಸಿ ಸೆರಗಿಗೂ ಹತ್ತಿತು.

"ಇನ್ನು ಸ್ಟೀರಿಂಗ್ ಮುಟ್ಟಲ್ಲ ಮೇಷ್ಟ್ರೇ. ಕೆಲವರ ಕೈಗೆ ಕೆಲವು ಆಗಿಬರಲ್ಲ." ಮತ್ತೆ ಅಂದಳು, ಈಗ ದನಿ ಒಡೆದಿತ್ತು. "ನೀವು ಒಂಬತ್ತು ವರ್ಷ ಮಗು ಥರ ನೋಡ್ಕೊಂಡಿದ್ರಿ. ನಾನು ಎರಡು ತಿಂಗಳಲ್ಲಿ ಕೊಂದು ಹಾಕ್ದೆ. ನಿಮ್ಗೆ ಎಷ್ಟು ಹೊಟ್ಟೆ ಉರೀತಿರ್ಬೇಕು. ಬೈದ್ಬಿಡಿ ಬೇಕಾದ್ರೆ. ಸುಮ್ನೆ ಇರ್ಬೇಡಿ."

ಅವನು ತನ್ನೊಳಗೆ ಇಣುಕಿ ನೋಡಿದ. ಅಲ್ಲಿ ನಾಚಿಕೆ ಇರುತ್ತದೆಂದು ಹೆದರಿದ್ದ. ಆದರೆ ಅಲ್ಲಿ ನಿಜವಾಗಿಯೂ ಹೊಟ್ಟೆಯುರಿ ಇತ್ತು. ಎಂಥ ಗಾಡಿ, ಒಂದು ಗೀರಿಲ್ಲದೆ ಇಟ್ಟುಕೊಂಡಿದ್ದೆ, ಭಾನುವಾರ ಭಾನುವಾರ ನಾನೇ ತೊಳೆಯುತ್ತಿದ್ದೆ, ಈಗ ಗುಜರಿ. ಕಣ್ಣಂಚು ಬೆಚ್ಚಗಾಯಿತು. ಈ ಹೆಂಗಸು ಸ್ವಲ್ಪ ಬುದ್ಧಿ ಉಪಯೋಗಿಸಿದ್ದರೆ ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ನುಂಗಿಕೊಳ್ಳುವಾಗ ತಾನು ದೊಡ್ಡ ಮನಸ್ಸು ಮಾಡುತ್ತಿದ್ದೇನೆ ಎಂದು ಅವನಿಗೆ ಪ್ರಾಮಾಣಿಕವಾಗಿ ಅನ್ನಿಸಿತು.

"ಹೋಗ್ಲಿ ಬಿಡಿ ಸಿಸ್ಟರ್. ನಾನು ಮನಸ್ಸಿಗೆ ಹಚ್ಕೊಂಡಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಈಗ ತಡೆಯದೆ ಅತ್ತಳು, ನಿಲ್ದಾಣದ ಜನರ ಎದುರೇ, ಮಸಿಗೈಯಲ್ಲಿ ಬಾಯಿ ಮುಚ್ಚಿಕೊಂಡು. ನಿಮ್ಮಂಥೋರು ಸಿಗಲ್ಲ ಮೇಷ್ಟ್ರೇ ಎಂದಳು. ಬಸ್ಸು ಬಂತು. ಒಳಗೆ ಒಂದೇ ಒಂದು ಸೀಟು ಖಾಲಿಯಿತ್ತು. ನೀವು ಕೂತ್ಕೊಳ್ಳಿ, ಇವತ್ತು ನನ್ನಿಂದ ನಿಮ್ಗೆ ಬಹಳ ತೊಂದ್ರೆ ಆಯ್ತು ಎಂದು ಅವನನ್ನು ಒತ್ತಾಯ ಮಾಡಿ ಕೂರಿಸಿ, ಅವಳು ಕಂಬಿ ಹಿಡಿದು ಪಕ್ಕದಲ್ಲಿ ನಿಂತಳು. ಅವನು ಕೂತ.